ಗುಂಡಿ

ಓವರ್‌ಲಾಕ್ ಮಿಷನ್ನಿನ ಕೆಳಗೆ, ಚಿಂದಿಯ ಗುಡ್ಡೆಯಲ್ಲಿ
ಅದು ಮಲಗಿದ್ದು ಯಾವಾಗಿನ ಹಾಗೆಯೇ.
ಕರೆಂಟು ಹೋಗಿ ಮಿಷನ್ ನಿಂತಾಗ ಗೊತ್ತಾಯಿತು
ಗುರ್ ಗುರ್ ಅನ್ನುತ್ತಿದ್ದುದು ಮೋಟಾರು ಮಾತ್ರ ಎಂದು.

ಮೊದಲು ಕಣ್ಣು ಮುಚ್ಚಿಸಲು ನೋಡಿದೆ.
ಅತ್ತೆಯವು ಒಂದೇ ಸಲಕ್ಕೆ ಮುಚ್ಚಿದ್ದವು,
ಬೆಕ್ಕಿನವು ಮಾತು ಕೇಳುವುದಿಲ್ಲ.

ಆಮೇಲೆ ಕಾಲು.
"ಸೆಟೆಯೋಕೆ ಮುಂಚೆ ಮಡಚಿಬಿಡ್ರಿ,
ಇಲ್ಲಾಂದ್ರೆ ಡಬ್ಬದಾಗ ಹಿಡಿಯಲ್ಲ"
ಅಂದಳು ಮೆಟ್ಟಿಲ ಮೇಲೆ ನಿಂತ ಖಾಜಾಬಿ.
ಮಡಚಿದೆ, ಪ್ಯಾಂಟು ಮಡಚುವ ಹಾಗೆ,
ಕಾಲಿಗೆ ಕಾಲು ಹೊಂದಿಸಿ.
ಬಿಳಿ ಬೆಕ್ಕು, ಪಾದ ನಾಲ್ಕೂ ನೀಲಿ.
ಎರಡು ವರ್ಷ ಜೀನ್ಸಿನ ಬಣ್ಣ ತುಳಿದದ್ದು
ನೆಕ್ಕಿ ನೆಕ್ಕಿ ಅದಕ್ಕೇ ಹೋಗಲಿಲ್ಲ,
ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನನಗೆ ಹೋದೀತೆ.

ಮಗಳಿಟ್ಟ ಹೆಸರು ಗುಂಡಿ.
ಬಂದ ದಿನವೇ ಒಂದು ಹಿತ್ತಾಳೆ ಗುಂಡಿ ನುಂಗಿ
ಮೂರನೇ ದಿನ ಮೂಲೆಯಲ್ಲಿ ವಾಪಸು ಕೊಟ್ಟಿತ್ತು.
ತೊಳೆದು, ಯಾರದೋ ಸೊಂಟಕ್ಕೆ ಹೊಡೆದೆವು.

ಏಪ್ರಿಲ್ಲಿನ ಬಳ್ಳಾರಿ.
ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ರೊಟ್ಟಿ ಹಂಚು.
ಬೆಳಗಿನ ತನಕ ಹೇಗೆ ಇಡುವುದು?
ಹುಲುಗಪ್ಪ ಸೋಡಾ ಅಂಗಡಿಯ ಶಟರು ಬಡಿದು
ಇಪ್ಪತ್ತು ರೂಪಾಯಿಯ ಐಸು ತಂದ.
ಯಾಕೆ ಅಂದವನಿಗೆ ಜ್ವರ ಅಂದನಂತೆ,
ಯಾರಿಗೆ ಅಂತ ಅವನು ಕೇಳಲಿಲ್ಲವಂತೆ.

ಐಸು ಕರಗಿ ಕಡಪಾ ಬಂಡೆಯ ಮೇಲೆ ಹರಿಯಿತು.
ಒಮ್ಮೆ ಮಗಳು ಎದ್ದು ಒರೆಸಿದಳು, ಒಮ್ಮೆ ನಾನು.
ಒಬ್ಬರು ಒರೆಸುವಾಗ ಇನ್ನೊಬ್ಬರಿಗೆ ಗಾಢ ನಿದ್ದೆ.

ಬೆಳಿಗ್ಗೆ ಕೆಳಗಿನ ಮನೆಯ ಮಾಲೀಕರು
"ಕಸದ ಗಾಡಿಗೆ ಹಾಕ್ಬಿಡ್ರಿ, ಏಳಕ್ಕೆ ಬರ್ತೈತೆ" ಅಂದರು.
ಕೆಟ್ಟ ಮನುಷ್ಯರಲ್ಲ.
ಮಧ್ಯಾಹ್ನದ ಹೊತ್ತು ಅದು ಅವರ ಹೊಸ್ತಿಲಲ್ಲೇ ಮಲಗುತ್ತಿತ್ತು.
ಗಾಡಿ ಬಂತು ಹಾಡು ಹಾಕಿಕೊಂಡು,
ಹಸಿ ಕಸಕ್ಕೊಂದು ಬಾಯಿ, ಒಣ ಕಸಕ್ಕೊಂದು.
ಮಗಳು ಡಬ್ಬ ತಬ್ಬಿಕೊಂಡು ಕೇಳಿದಳು,
ಗುಂಡಿ ಹಸಿನಾ, ಒಣಾನಾ?
ಗಾಡಿಯ ಮಾರೆಕ್ಕ ಹಾಡು ಬಂದ್ ಮಾಡಿಸಿದಳು.
"ಕಾಲುವೆ ಕಡೆ ಒಯ್ರಿ. ಅಲ್ಲಿ ಮಣ್ಣು ಮೆತ್ತಗೈತೆ.
ಇಲ್ಲಿ ಎಲ್ಲಿ ಕೆದರಿದ್ರೂ ಕಲ್ಲು."

ಒಂದು ಬೈಕು, ಮೂರು ಮಂದಿ, ಒಂದು ಹಾರೆ,
ದಾರದ ಕೋನು ಬಂದಿದ್ದ ರಟ್ಟಿನ ಡಬ್ಬ.
ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು,
ಮುನ್ನೂರು ಪೀಸು, ಎರಡು ಗಂಟೆಯೊಳಗೆ.
ಹುಲುಗಪ್ಪ ಅದನ್ನು ಎತ್ತಲಿಲ್ಲ. ಹಾರೆ ಎತ್ತಿದ.

ನಾಯಿ ಕೆರೆಯದ ಹಾಗೆ ಮೊಣಕಾಲುದ್ದ, ಅಂದಿದ್ದಳು ಖಾಜಾಬಿ.
ಯಾರ ಮೊಣಕಾಲು ಅಂತ ಹೇಳಿರಲಿಲ್ಲ.
ಮಗಳು ಇಳಿದು ನಿಂತಳು, ಅವಳ ಲೆಕ್ಕಕ್ಕೆ ಸಾಕಾಗಿತ್ತು.
ಹುಲುಗಪ್ಪ ತನ್ನದರ ತನಕ ತೋಡಿದ.
"ಗುಂಡಿಗೆ ಗುಂಡಿ" ಅಂತ ಅವಳೇ ಅಂದು ನಕ್ಕಳು,
ನಗು ಅರ್ಧಕ್ಕೆ ಕೆಟ್ಟಿತು.

ಪ್ಲಾಸ್ಟಿಕ್ ಬೇಡವೆಂದು
ರಿಜೆಕ್ಟಾದ ಪ್ಯಾಂಟಿನ ಒಂದು ಕಾಲೊಳಗೆ ಇಳಿಸಿದ್ದೆ.
ಕೈ ಅಭ್ಯಾಸಕ್ಕೆ ಸೂಜಿ ಹುಡುಕಿತ್ತು, ತಡೆದಿದ್ದೆ.
ತುದಿ ಬಿಚ್ಚಿಯೇ ಇರಲಿ. ಉಸಿರಿಗಂತಲ್ಲ. ಸುಮ್ಮನೆ.
ಮಣ್ಣು, ಮೇಲೆ ಕಲ್ಲು, ಕಲ್ಲಿನ ಮೇಲೆ ಜಾಲಿಮುಳ್ಳು.
ನಾಡೆಲ್ಲ ನಮ್ಮೂರ ಹೆಸರಿನಲ್ಲೇ ಬೈಯುವ ಮುಳ್ಳು
ಅವತ್ತು ನಮ್ಮ ಕಡೆಗಿತ್ತು.

ಊದುಬತ್ತಿ ತಂದಿರಲಿಲ್ಲ.
ಹುಲುಗಪ್ಪ ಬೀಡಿ ಹಚ್ಚಿ, ಒಂದು ದಮ್ಮು ಎಳೆದು
ಮಣ್ಣಿಗೆ ಸಿಕ್ಕಿಸಿದ.

ಮುನ್ನೂರು ಮುಗಿದಾಗ ಸಂಜೆ ಐದು.
ಬೈಗುಳ ಬಂದಿತ್ತು, ತಿಂದಿದ್ದೆವು.
ಕೊನೆಯ ಪೀಸಿನ ಒಳಹೊಲಿಗೆಯಲ್ಲಿ
ಎರಡು ಸಾಲು ದಾರದ ನಡುವೆ ಒಂದು ಬಿಳಿ ಕೂದಲು.
ಚೆಕ್ಕಿಂಗಿನಲ್ಲಿ ಸಿಕ್ಕರೆ ಐದು ರೂಪಾಯಿ ಕಡಿತ.
ಚಿಮಟ ಕೈಯಲ್ಲೇ ಇತ್ತು,
ಮಗಳು ನೋಡುತ್ತಿದ್ದಳು.

ಪ್ಯಾಂಟು ತಿರುಗಿಸಿ ಮಡಚಿದೆ,
ಕಾಲಿಗೆ ಕಾಲು ಹೊಂದಿಸಿ.